ಗೋಡೆಯ ಬಿಲ್ಲು, ಪೆಟ್ಟಿಗೆಯ ಬಿಲ್ಲು

ನವರಾತ್ರಿಯ ಎಂಟನೆಯ ದಿನ ಬೆಳಿಗ್ಗೆ ರೈಲು ಕಾಶಿಯ ಕಂಟೋನ್ಮೆಂಟ್ ನಿಲ್ದಾಣವನ್ನು ತಡವಾಗಿ ಮುಟ್ಟಿತು. ಹುಬ್ಬಳ್ಳಿಯಿಂದ ಹೊರಟ ಮೇಲೆ ಬೋಗಿಯಲ್ಲಿಯೂ ನನ್ನ ದಿನಚರಿ ತಪ್ಪಿರಲಿಲ್ಲ. ಎಲ್ಲರಿಗಿಂತ ಮೊದಲು ಏಳುವುದು, ಬಾಗಿಲ ಬಳಿ ನಿಂತು ಭುಜದ ವ್ಯಾಯಾಮ, ಆಮೇಲೆ ಚಹಾ. ಧಾರವಾಡದಲ್ಲಿ ಶಾಲೆಯ ಹುಡುಗಿಯರಿಗೆ ಕವಾಯತು ಮತ್ತು ಬಿಲ್ವಿದ್ಯೆ ಕಲಿಸಿ ನಿವೃತ್ತಳಾದವಳಿಗೆ ಇದು ಬಿಡದ ಅಭ್ಯಾಸ.

ನಾನು ಹೊರಟದ್ದು ದೇವದರ್ಶನಕ್ಕಲ್ಲ. ನನ್ನೊಡನೆ ಒಂದೇ ಮೈದಾನದಲ್ಲಿ ಬಿಲ್ಲು ಹಿಡಿದ ವಾಸುದೇವ ಬ್ಯಾಂಕಿನ ವರ್ಗಾವಣೆಯ ಮೇಲೆ ಕಾಶಿಗೆ ಬಂದವನು ಇಲ್ಲಿಯೇ ನಿಂತುಬಿಟ್ಟಿದ್ದ. ಪ್ರತಿ ವಿಜಯದಶಮಿಗೆ ಇಲ್ಲಿನ ಕನ್ನಡಿಗರ ಮಠದ ಅಂಗಳದಲ್ಲಿ ಬಾಳೆದಿಂಡಿಗೆ ಬಾಣ ಬಿಡುತ್ತಿದ್ದವನು ಅವನೇ. ಹೋದ ಚಳಿಗಾಲದಲ್ಲಿ ತೀರಿಕೊಂಡ. ಈ ವರ್ಷ ಆ ಬಾಣವನ್ನು ಮಗಳು ಮೇಧಾ ಬಿಡಬೇಕು. "ಮನ್ಯಾಗ ಎರಡು ಹಳೇ ಬಿಲ್ಲು ಅವ. ಯಾವದು ಕೊಡೋಣು, ಬಂದು ನೋಡಿ ಹೇಳು" ಎಂದು ಅವನ ಹೆಂಡತಿ ಸುಮತಿ ಫೋನು ಮಾಡಿದ್ದಳು.

ಆಟೋದವನು ಸೋನಾರ್‌ಪುರಾದಲ್ಲಿಯೇ ನಿಲ್ಲಿಸಿದ. "ಆಗೇ ಪಂಡಾಲ್ ಹೈ ಮಾತಾಜಿ, ಪೈದಲ್ ಜಾಇಯೇ" ಎಂದು ರಸ್ತೆಗೆ ಅಡ್ಡವಾಗಿದ್ದ ದುರ್ಗೆಯ ಪೆಂಡಾಲಿನತ್ತ ಕೈ ತೋರಿಸಿದ. ಚೀಲ ಹೆಗಲಿಗೇರಿಸಿ ಹನುಮಾನ್ ಘಾಟಿನ ಓಣಿ ಹಿಡಿದು ನಡೆದೆ. ಅಕ್ಟೋಬರ್ ಬಂದರೂ ಸೆಕೆ ಇಳಿದಿರಲಿಲ್ಲ. ನೆರೆ ಇಳಿದ ನದಿ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಕೆಸರು ಬಿಟ್ಟುಹೋಗಿತ್ತು. ಪಂಪು ಹಚ್ಚಿ ತೊಳೆಯುತ್ತಿದ್ದರು. ಅಂಗಡಿಗಳ ಮುಂದೆ ರಾಮಲೀಲೆಗಾಗಿ ಜರಿ ಸುತ್ತಿದ ಬಿದಿರಿನ ಬಿಲ್ಲುಗಳು ನೇತಾಡುತ್ತಿದ್ದವು.

ಸುಮತಿ ಚಹಾ ಕೊಟ್ಟು ನೇರ ದೇವರ ಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ಒಂದೇ ತುಂಡಿನ ರಿಕರ್ವ್ ಬಿಲ್ಲು. ತುದಿಗಳು ಮುಂದಕ್ಕೆ ಬಾಗಿದ, ಮರದ ಪಟ್ಟಿ ಮತ್ತು ಫೈಬರ್ ಗ್ಲಾಸ್ ಅಂಟಿಸಿ ಮಾಡಿದ ಹಳೆಯ ಕಾಲದ ಚೆಲುವೆ. ಹಿಡಿಯ ತುಂಬ ಕುಂಕುಮ.

"ಇನ್ನೊಂದು?"

"ಮಂಚದ ಕೆಳಗ ಪೆಟ್ಟಿಗ್ಯಾಗ ಅದ. ಅದು ಮೂರು ತುಂಡು, ಅಕ್ಕಾ. ಭಿನ್ನ ಆದದ್ದಕ್ಕ ಪೂಜಾ ಮಾಡ್ತಾರೇನು? ಇದಕ್ಕ ಪ್ರತಿ ವರ್ಷಾ ಆಯುಧಪೂಜಿಗೆ ಅಭಿಷೇಕ: ಗಂಗಾಜಲ, ಹಾಲು, ಮತ್ತ ಗಂಗಾಜಲ."

ಚಹಾದ ಕಪ್ಪನ್ನು ಕೆಳಗಿಟ್ಟೆ. "ಒರಸ್ತಿದ್ರಾ?"

"ತೀರ್ಥ ಒರಸ್ತಾರೇನು? ತಾನ ಆರ್ತದ."

"ವಾಸುದೇವ ಸುಮ್ಮನಿರ್ತಿದ್ದನಾ?"

"ಬೈತಿದ್ರು. ಅದಕ್ಕ ಅವರು ಸ್ನಾನಕ್ಕ ಘಾಟಿಗೆ ಇಳದಾಗ ಮುಗಿಸಿಬಿಡ್ತಿದ್ದೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹೆದೆ ಏರಿಸಿ ತುದಿಯಿಂದ ಕಣ್ಣು ಹಾಯಿಸಿದೆ. ಹೆದೆ ಬಿಲ್ಲಿನ ನಟ್ಟನಡುವೆ ಹಾಯಬೇಕು. ಕೆಳಗಿನ ರೆಕ್ಕೆಯಲ್ಲಿ, ಅಂದರೆ ಹಿಡಿಯ ಕೆಳಗೆ ಬಾಗುವ ತೋಳಿನಲ್ಲಿ, ಅದು ಬದಿಗೆ ಸರಿದಿತ್ತು. ಹತ್ತಿಯ ಎಳೆಯನ್ನು ಅಂಚಿನುದ್ದಕ್ಕೂ ಸವರಿದೆ. ರೆಕ್ಕೆ ಹಿಡಿಯನ್ನು ಸೇರುವಲ್ಲಿ, ನೀರು ಇಳಿದು ನಿಲ್ಲುವ ಜಾಗದಲ್ಲಿಯೇ, ಹತ್ತಿ ಸಿಕ್ಕಿಕೊಂಡಿತು. ವಾರ್ನಿಶಿನ ಕೆಳಗೆ ಕೂದಲಿನಷ್ಟು ಬಿಳಿ ಗೆರೆ. ಅಂಟು ಬಿಡುತ್ತಿತ್ತು. ಎಳೆದ ಬಿಲ್ಲು ಮುರಿದರೆ ಚೂರು ಹಾರುವುದು ಎಳೆದವರ ಮುಖಕ್ಕೆ.

ಸಂಜೆ ಮೇಧಾ ರೈಲ್ವೆ ಕಚೇರಿಯಿಂದ ಬಂದಳು. ಒಂದು ವರ್ಷದಿಂದ ರಜಾದಿನಗಳಲ್ಲಿ ಅಭ್ಯಾಸ ಮಾಡಿದ ಹುಡುಗಿ, ನಿಲುವು ಚೆನ್ನಾಗಿತ್ತು. ನಾನು ಹೇಳಿದ್ದು ಮಾತ್ರ ಅವಳ ಕಿವಿಗೆ ಇಳಿಯಲಿಲ್ಲ. "ಪಾಪಾ ಇಸೀ ಸೇ ಚಲಾತೇ ಥೇ, ಮೌಶಿ. ನಾನೂ ಇದರಿಂದನ ಬಿಡ್ತೀನಿ. ಬಸ್."

ಒಂಬತ್ತನೆಯ ದಿನ, ಆಯುಧಪೂಜೆ. ನಾನು ಬೇಡವೆಂದದ್ದಕ್ಕೆ ಅಭಿಷೇಕ ನಿಂತಿತು, ಮನೆಯಲ್ಲಿ ಮಾತೂ ನಿಂತಿತು. ಪೆಟ್ಟಿಗೆಯಲ್ಲಿದ್ದದ್ದು ಬಿಚ್ಚಿ ಜೋಡಿಸುವ ಟೇಕ್‌ಡೌನ್ ಬಿಲ್ಲು; ಅದರ ತಿರುಪು ಬಿಗಿಯಲು ಆರು ಮೂಲೆಯ ಕೀಲಿ ಬೇಕಿತ್ತು. ಒಬ್ಬಳೇ ಲಂಕಾ ಎಂಬ ಪೇಟೆಗೆ ಹೋಗಿ ಸೈಕಲ್ ಅಂಗಡಿಯಲ್ಲಿ ಕೊಂಡೆ, ಅಲ್ಲಿಯೇ ಕಚೋರಿ ತಿಂದೆ. ಬಂದು ಜೋಡಿಸಿದೆ: ನಡುವೆ ಮರದ ಹಿಡಿ, ಮೇಲೊಂದು ಕೆಳಗೊಂದು ರೆಕ್ಕೆ. ಒಣ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಮಲಗಿದ್ದರಿಂದ ರೆಕ್ಕೆಗಳು ಕನ್ನಡಿಯಂತಿದ್ದವು.

ನಿಜ ಹೇಳಬೇಕೆಂದರೆ ನನಗೆ ಇಷ್ಟವಾದದ್ದು ಗೋಡೆಯದೇ. ಒಂದೇ ತುಂಡಿನ ಬಿಲ್ಲು ಹಗುರ, ಸದ್ದಿಲ್ಲ, ಬಾಣ ಹೋದದ್ದು ಅಂಗೈಗೆ ಗೊತ್ತಾಗುತ್ತದೆ. ಟೇಕ್‌ಡೌನ್ ಭಾರ, ಬಿಟ್ಟಾಗ ಜೋಡಣೆಯಲ್ಲಿ ಝೇಂಕಾರ, ತಿರುಪನ್ನು ಆಗಾಗ ನೋಡುತ್ತಿರಬೇಕು, ಇಷ್ಟು ಹಳೆಯದಕ್ಕೆ ಇಂದಿನ ರೆಕ್ಕೆಗಳು ಹೊಂದುವುದೂ ಇಲ್ಲ. ಆದರೆ ಭಾರದಿಂದಲೇ ಕೈ ಅಲುಗುವುದಿಲ್ಲ. ಎರಡೂ ಗಟ್ಟಿಯಾಗಿದ್ದರೆ ನಾನು ಇದನ್ನು ಆರಿಸುತ್ತಿರಲಿಲ್ಲ.

ಮಧ್ಯಾಹ್ನ ಮಠದ ಶಾಸ್ತ್ರಿಗಳು ಪೂಜೆಗೆ ಬಂದರು. ಜೋಡಿಸಿದ ಬಿಲ್ಲನ್ನು ನೋಡಿ ಹುಬ್ಬೇರಿಸಿದರು. "ಬಾಯಾರ, ಮಠದ ಅಂಗಳದಾಗ ನಟ್ಟು ಬೋಲ್ಟಿನ ಬಿಲ್ಲು ಹಿಡದ್ರ ಜನ ನಗತಾರ."

"ಹುಡುಗಿ ಕಣ್ಣು ಹೋದ್ರ ಯಾರೂ ನಗೂದಿಲ್ರಿ, ಶಾಸ್ತ್ರಿಗಳ."

"ಇಷ್ಟು ವರ್ಷ ಆಗದ್ದು ಈಗ ಆಗ್ತದೇನು?"

ಮಾತಿನಿಂದ ಇದು ಮುಗಿಯುವುದಿಲ್ಲವೆಂದು ತಿಳಿಯಿತು. ಗೋಡೆಯ ಬಿಲ್ಲನ್ನು ಅಂಗಳದ ಕಂಬಕ್ಕೆ ಕಟ್ಟಿ, ಹೆದೆಗೆ ಹಗ್ಗ ಸಿಕ್ಕಿಸಿ, ದೂರದ ಬಾಗಿಲ ಮರೆಯಿಂದ ಎಳೆದು ನೋಡೋಣ ಎಂದೆ. ಮೇಧಾ ಕಂಬಕ್ಕೆ ಅಡ್ಡ ನಿಂತಳು. "ಟೂಟ್ ಗಯಾ ತೋ? ಮುರಿದ್ರೆ ನೀವು ಧಾರವಾಡಕ್ಕೆ ಹೋಗ್ತೀರಿ, ಮೌಶಿ. ನಮಗೆ ಪಾಪಾಂದು ಏನು ಉಳೀತದ?"

ಸುಮತಿ ಮಗಳನ್ನು ಪಕ್ಕಕ್ಕೆ ಸರಿಸಿದಳು. "ಹಗ್ಗ ನನ್ನ ಕೈಯಾಗ ಕೊಡು, ಅಕ್ಕಾ."

ಅವಳು ಬಾಗಿಲ ಹಿಂದಿನಿಂದ ಎಳೆಯತೊಡಗಿದಳು. ಅರ್ಧ ಬಾಗಿತು. ಮುಕ್ಕಾಲು ಬಾಗಿತು. ಇನ್ನು ಒಂದು ಗೇಣು ಇದೆ ಎನ್ನುವಾಗ 'ಟಿಕ್' ಎಂದು ಸಣ್ಣ ಸದ್ದು. ಸುಮತಿ ಹಾಗೆಯೇ ನಿಂತಳು. ಬಿಲ್ಲು ಮುರಿಯಲಿಲ್ಲ.

"ನೋಡ್ರಿ, ಏನೂ ಆಗಲಿಲ್ಲ!" ಶಾಸ್ತ್ರಿಗಳು ಕೈ ತಟ್ಟಿದರು. ಮೇಧಾಳ ಮುಖ ಅರಳಿತು. ನಾನು ಸೋತೆ ಎಂದುಕೊಂಡೆ. ತೋರಿಸಲು ಏನೂ ಇರಲಿಲ್ಲ.

ಸುಮತಿ ಹಗ್ಗವನ್ನು ಇಂಚಿಂಚಾಗಿ ಬಿಟ್ಟಳು. ಅವಳ ಅಂಗೈ ಕೆಂಪಾಗಿತ್ತು. "ಒಳಗ ಏನೋ ಬಿಟ್ಟಿತು. ನಿಮಗ ಕೇಳಿಸಿರಲಿಕ್ಕಿಲ್ಲ, ನನ್ನ ಕೈಗೆ ಬಡೀತು. ಇದು ಗೋಡಿ ಮ್ಯಾಲೆ ಇರಲಿ. ಇನ್ನ ಯಾರೂ ಎಳೀಬ್ಯಾಡ್ರಿ."

"ಮತ್ತ ಆ ಮೂರು ತುಂಡು?" ಎಂದರು ಶಾಸ್ತ್ರಿಗಳು.

"ನಿಮ್ಮ ಮಠದ ಕದಕ್ಕೂ ತಿರುಪು ಹೊಡದಾರ. ಅದಕ್ಕ ದಿನಾ ಕುಂಕುಮ ಹಚ್ಚೂದಿಲ್ಲೇನು? ನೀವು ಪೂಜಾ ಮಾಡ್ರಿ. ಇಲ್ಲಂದ್ರ ನಾನ ಮಾಡ್ತೀನಿ."

ಶಾಸ್ತ್ರಿಗಳು ಮೀಸೆ ಸವರಿ, "ಕುಂಕುಮ ತಾ ತಂಗಿ" ಎಂದರು. ನೀರು ಬೇಡವೆಂದು ನಾನು ಹೇಳುವ ಮೊದಲೇ ಸುಮತಿ ತಂಬಿಗೆಯನ್ನು ಒಳಗಿಟ್ಟಳು.

ಮೇಧಾ ಮಹಡಿ ಹತ್ತಿ ಹೋದವಳು ಹೊತ್ತು ಇಳಿಯುವಾಗ ಕೆಳಗೆ ಬಂದು, ಯಾರ ಮುಖವನ್ನೂ ನೋಡದೆ ಟೇಕ್‌ಡೌನ್ ಎತ್ತಿಕೊಂಡಳು. ಮರಳು ತುಂಬಿದ ಗೋಣಿಗೆ ಬಾಣ ಬಿಟ್ಟು ಅಭ್ಯಾಸ ಮಾಡಿಸಿದೆ. "ಭಾರೀ ಹೈ" ಎಂದಳು. "ಭಾರ ಇರಲಿ, ಮೊಣಕೈ ಹೊರಗ ತಿರುವು" ಎಂದೆ. ಹೆದೆ ಮತ್ತೆ ಮತ್ತೆ ತೋಳಿಗೆ ಬಡಿಯಿತು. ಅವಳು ನಿಲ್ಲಿಸಲಿಲ್ಲ.

ದಶಮಿಯ ಸಂಜೆ ಮಠದ ಅಂಗಳ ತುಂಬಿತ್ತು. ಕಾಶಿಯ ಕನ್ನಡಿಗರೆಲ್ಲ ಸೇರಿದರೂ ಒಂದು ಅಂಗಳದಷ್ಟೇ. ತಿರುಪುಗಳನ್ನು ಕೊನೆಯ ಸಲ ನಾನೇ ಬಿಗಿದೆ. ಬಾಣ ಒಂದೇ; ತಪ್ಪಿದರೆ ಎರಡನೆಯದಿಲ್ಲ. ಹಿಂದೆ ಯಾರೋ "ಜೋಡ್ ವಾಲಾ ಧನುಷ್!" ಎಂದು ಜೋಡಣೆಯ ಬಿಲ್ಲನ್ನು ಕಂಡು ಕಿಸಕ್ಕೆಂದರು. ಮೇಧಾ ಪೂರ್ತಿ ಎಳೆದಳು. ಹೆದೆ ತುಟಿಗೆ ತಾಗಿತು. ಅಲ್ಲಿಯೇ ಹಿಡಿದಳು, ನಾನು ಕಲಿಸಿದ್ದಕ್ಕಿಂತ ತುಸು ಹೆಚ್ಚೇ. ಬಿಟ್ಟಳು. ಜೋಡಣೆ ಝೇಂಕರಿಸಿತು, ಬಾಳೆದಿಂಡಿನಿಂದ ಒದ್ದೆ ಸದ್ದು ಬಂತು. ಜನ ದಿಂಡನ್ನು ನೋಡಿ ಕೂಗಿದರು. ಸುಮತಿಯೂ ನಾನೂ ಹುಡುಗಿಯ ಮುಖ ನೋಡಿದೆವು. ಎರಡೂ ಕಣ್ಣುಗಳು ಮಿಟುಕಿದವು.

ಮರುದಿನ ಮೇಧಾ ನನ್ನನ್ನು ಕಂಟೋನ್ಮೆಂಟಿಗೆ ಬಿಡಲು ಬಂದಳು. ಮೋಡ ಮುಚ್ಚಿತ್ತು. ಅವಳ ಎಡತೋಳಿನ ಬಾಸುಂಡೆಗಳ ಮೇಲೆ ಅಮ್ಮ ಅರಿಶಿನ ಹಚ್ಚಿದ್ದಳು. ರೈಲು ಅಲುಗಿದಾಗ ಕಿಟಕಿಗೆ ಮುಖ ಹಚ್ಚಿ ನೋಡಿದೆ. ಪ್ಲಾಟ್‌ಫಾರ್ಮಿನ ಜನಜಂಗುಳಿಯ ನಡುವೆ ಅವಳು ಎಡಗೈ ಚಾಚಿ, ಮೊಣಕೈ ಹೊರಕ್ಕೆ ತಿರುಗಿಸಿ, ಸರಿಯಾ ಎಂದು ಕೇಳುವಂತೆ ನಿಂತಿದ್ದಳು. ನಾನು ತಲೆಯಾಡಿಸಿದೆ. ಬೋಗಿ ತಿರುವು ದಾಟುವವರೆಗೂ ಅವಳು ಕೈ ಇಳಿಸಲಿಲ್ಲ.