ಸುನಂದಾ ಹಾಕಿದ ಮುಯ್ಯಿ

ಗಾವಡಗೆರೆಯ ಮಂಟಯ್ಯನ ಮಗಳು ಸುನಂದಾ ಹುಣಸೂರಿನ ಒಂದು ಬ್ಯಾಂಕಿಗೆ ಗುಮಾಸ್ತೆಯಾಗಿ ಸೇರಿದ್ದು ಎಪ್ಪತ್ಮೂರರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು, ಅದರ ಮೇಲೆ ಒಂದಿಷ್ಟು ಟೈಪಿಂಗು. ಅಷ್ಟಕ್ಕೇ ಸಿಕ್ಕ ಸಂಬಳ ಅವಳಿಗೆ ಪಾಠ ಹೇಳಿದ ಮೇಷ್ಟ್ರ ಸಂಬಳಕ್ಕಿಂತ ಹೆಚ್ಚಿತ್ತು. ರಾಗಿ, ಹೊಗೆಸೊಪ್ಪು ಬೆಳೆದುಕೊಂಡು ವರ್ಷಕ್ಕೊಮ್ಮೆ ದುಡ್ಡಿನ ಮುಖ ನೋಡುತ್ತಿದ್ದ ಮನೆಗೆ ಇನ್ನು ತಿಂಗಳು ತಿಂಗಳೂ ದುಡ್ಡು ಬರುತ್ತದೆ ಎಂದರೆ ನಂಬುವುದಕ್ಕೇ ನಾಲ್ಕು ದಿನ ಹಿಡಿಯಿತು.

ಹೆಣ್ಣುಮಗಳು ಬಸ್ಸು ಹತ್ತಿ ದುಡಿಯಲು ಹೋಗುವುದೇ ಎಂದು ನೆಂಟರೆಲ್ಲ ಮೂಗು ಮುರಿದರು. ಮಂಟಯ್ಯ ಅವರ ಮಾತು ಮೀರಿ ಮಗಳನ್ನು ಕಳಿಸಿದ. ಆದರೆ ಒಂದು ಕರಾರು ಹಾಕಿದ.

"ಹೋಗವ್ವ. ಆದ್ರೆ ಮಂಟಯ್ಯನ ಮನೆಗೆ ದುಡ್ಡಿನ ಮದ ಬಂತು ಅಂತ ಊರೋರು ಆಡ್ಕೊಂಡ್ರೋ, ಅವತ್ತೇ ಕೆಲ್ಸ ಬುಟ್ಟು ಮನೇಲಿ ಕೂತ್ಕೋಬೇಕು."

ಸುನಂದಾ ಒಪ್ಪಿಕೊಂಡಳು. ಕೆಲಸ ಅವಳಿಗೆ ಅಷ್ಟು ಬೇಕಾಗಿತ್ತು. ಕೌಂಟರಿನ ಹಿಂದೆ ಕೂತು, ತನಗಿಂತ ದೊಡ್ಡವರು ತನ್ನ ಸಹಿಗಾಗಿ ಕಾಯುವುದನ್ನು ನೋಡಿದ ಮೇಲೆ ಮತ್ತೆ ಒಲೆ ಮುಂದೆ ಕೂರಲು ಯಾರಿಗೆ ಮನಸ್ಸಾದೀತು? ಇದ್ದ ಎರಡು ಕೈಮಗ್ಗದ ಸೀರೆಯನ್ನೇ ಒಗೆದು ಒಗೆದು ಉಟ್ಟಳು. ಬಜಾರಿನ ಅಂಗಡಿಯಲ್ಲಿ ತೂಗುಹಾಕಿದ್ದ ನೈಲಾನ್ ಸೀರೆಗಳ ಮೇಲೆ ಅವಳ ಕಣ್ಣು ಹೋಗಲೇ ಇಲ್ಲ ಎಂದರೆ ನಾನು ಸುಳ್ಳುಗಾರನಾಗುತ್ತೇನೆ. ಹೋಗುತ್ತಿತ್ತು, ದಿನವೂ ಹೋಗುತ್ತಿತ್ತು. ಆದರೂ ಬಸ್ ಚಾರ್ಜು ಇಟ್ಟುಕೊಂಡು ಉಳಿದ ಸಂಬಳವನ್ನು ತಂದು ಅಪ್ಪನ ಕೈಗೆ ಕೊಡುತ್ತಿದ್ದಳು.

ಕೆಟ್ಟದ್ದು ಅಲ್ಲೇ. ಮಗಳ ಮೇಲೆ ಕಣ್ಣಿಟ್ಟಿದ್ದ ಮಂಟಯ್ಯ ತನ್ನ ಮೇಲೆ ಕಣ್ಣಿಡುವುದನ್ನು ಮರೆತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಮಂಟಯ್ಯ ಅಲ್ಪನೇನಲ್ಲ, ಒಳ್ಳೆಯ ಮನುಷ್ಯ, ಆದರೆ ಕೊಡೆ ಹಿಡಿದದ್ದು ನಿಜ. ಸಂತೆಗೆ ಹೋದರೆ ಜೊತೆಗಿದ್ದವರಿಗೆಲ್ಲ ಮಸಾಲೆ ದೋಸೆ. ಹೆಗಲ ಮೇಲೊಂದು ಜರಿ ಪಂಚೆ. ನಡಿಗೆಯೋ, ನೆಲದಿಂದ ಗೇಣು ಮೇಲೆ.

ಆ ಸೀಮೆಯ ಮದುವೆಗಳಲ್ಲಿ ಊಟವಾದ ಮೇಲೆ ಮುಯ್ಯಿ ಹಾಕುವುದುಂಟು. ಬಂದವರು ತಂತಮ್ಮ ಶಕ್ತ್ಯನುಸಾರ ಎರಡೋ ಐದೋ ರೂಪಾಯಿ ಕೊಡುತ್ತಾರೆ. ಒಬ್ಬರು ಹೆಸರು ಕೂಗಿ ಬರೆದುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಅದನ್ನು ಒಂದು ರೂಪಾಯಿಯಾದರೂ ಸೇರಿಸಿ ತೀರಿಸಬೇಕು. ತೀರಿಸದಿದ್ದರೆ ಮಾನ ಹೋದಂತೆ. ಪಕ್ಕದ ಬೀದಿಯ ಮರಿಯಯ್ಯ, ತುಂಡು ಹೊಲದವನು, ಮಗಳ ಮದುವೆ ಮಾಡಿದಾಗ ಮಂಟಯ್ಯ ನೂರೊಂದು ರೂಪಾಯಿ ಹಾಕಿ, "ಜೋರಾಗಿ ಕೂಗ್ಲಾ!" ಎಂದ. ಚಪ್ಪರವೆಲ್ಲ ತಿರುಗಿ ನೋಡಿತು. ಮಂಟಯ್ಯನಿಗೆ ಆವತ್ತು ನಿದ್ದೆಯೂ ಚೆನ್ನಾಗಿ ಬಂತು.

ಬೆಳಿಗ್ಗೆ ಮರಿಯಯ್ಯ ಬಾಗಿಲಲ್ಲಿ ನಿಂತಿದ್ದ. ಆ ನೋಟುಗಳನ್ನು ಜಗಲಿಯ ಮೇಲಿಟ್ಟ.

"ನಿನ್ ಮಗಳ ಮದ್ವೆಗೆ ಇದ್ನ ತೀರಿಸ್ಬೇಕು ಅಂದ್ರೆ ನಾನು ಎತ್ತು ಮಾರ್ಬೇಕಾಯ್ತದೆ ಕಣಣ್ಣ. ಊರೆಲ್ಲ ಏನಂತಾವ್ರೆ ಗೊತ್ತಾ? ಮಂಟಣ್ಣ ಮುಯ್ಯಿ ಆಕ್ನಿಲ್ಲ, ಮದ ತೋರಿಸ್ದ ಅಂತಾವ್ರೆ."

ಬಸ್ಸಿಗೆ ಹೊರಟಿದ್ದ ಸುನಂದಾ ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದಳು. ಮರಿಯಯ್ಯ ಹೋದ ಮೇಲೆ ಮಂಟಯ್ಯ ತಲೆ ತಗ್ಗಿಸಿಕೊಂಡೇ ಹೇಳಿದ. "ಊರು ಆಡ್ಕೊಂಡ್ಬುಡ್ತು. ಆಡಿದ್ ಮಾತು ಆಡಿದ್ದೇ. ಇನ್ನು ಬ್ಯಾಂಕು ಬ್ಯಾಡ ಕಣವ್ವ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪನಿಗೆ ಎಂದೂ ಎದುರಾಡದವಳು ಕೇಳಿಯೇಬಿಟ್ಟಳು. "ಮದ ಬಂದಿದ್ದು ಯಾರ್ಗಪ್ಪ?"

ಮಂಟಯ್ಯ ಜಗಲಿಯ ಮೇಲಿದ್ದ ನೋಟುಗಳನ್ನು ಎತ್ತಿ ಅವಳ ಕೈಗಿಟ್ಟ.

"ಈ ತಿಂಗ್ಳಿಂದ ಸಂಬ್ಳ ನನ್ ಖಾತೇಲೇ ಇರ್ಲಿ. ಮನೆ ಖರ್ಚಿಗೆ ನಾನೇ ತಂದ್ಕೊಡ್ತೀನಿ. ಮುಂದಿನ ಮುಯ್ಯೀನೂ ನಾನೇ ಆಕ್ತೀನಿ. ಅದಾದ್ಮೇಲೂ ಊರು ಆಡ್ಕೊಂಡ್ರೆ, ನೀನ್ ಹೇಳ್ದಂಗೆ ಒಲೆ ಮುಂದೆ ಕೂರ್ತೀನಿ."

ಮಂಟಯ್ಯ ಒಪ್ಪಿಕೊಂಡ. ಮುಂದಿನ ಮದುವೆ ಬಂದದ್ದು ಊರಿನ ದೊಡ್ಡ ಕುಳ ನಂಜುಂಡಸ್ವಾಮಿಯವರ ಮನೆಯಲ್ಲಿ. ಮುಯ್ಯಿ ಹಾಕುವ ಜಾಗದಲ್ಲಿ ಜನ ಕಿಕ್ಕಿರಿದಿದ್ದರು. ಬ್ಯಾಂಕಿನವಳು ಎಷ್ಟು ದುಡ್ಡು ಬಿಚ್ಚುತ್ತಾಳೆ ನೋಡೋಣ ಎಂಬ ಕುತೂಹಲ ಎಲ್ಲರಿಗೂ. ಸುನಂದಾ ಅದೇ ಕೈಮಗ್ಗದ ಸೀರೆಯಲ್ಲಿ ಬಂದು ಐದು ರೂಪಾಯಿಯ ಒಂದು ನೋಟು ಇಟ್ಟಳು. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ಏನವ್ವ, ಬ್ಯಾಂಕಿನೋರು ಐದೇ ರೂಪಾಯಾ?" ಬರೆಯಲು ಕೂತಿದ್ದ ಬಸವರಾಜು ನಕ್ಕ. ಸುತ್ತಲಿದ್ದವರೂ ನಕ್ಕರು.

"ನಮ್ಮನೆ ಮುಯ್ಯಿ ಇನ್ಮೇಲೆ ಯಾರ್ಗಾದ್ರೂ ಐದೇ ಕಣಣ್ಣ. ಸಂಬ್ಳ ಬಂದಿರೋದು ನನ್ಗೆ, ತೀರಿಸೋರಿಗಲ್ವಲ್ಲ."

ನಗು ನಿಂತಿತು. ಹಿಂದಿನಿಂದ ಮರಿಯಯ್ಯ, "ಅಂಗನ್ನು ಮಗ!" ಎಂದ. ಎರಡು ರೂಪಾಯಿಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ನಂಜುಂಡಸ್ವಾಮಿಯವರೂ ಆ ಮಾತು ಕೇಳಿ ತಲೆದೂಗಿದರು.

ಬಸವರಾಜು ಲೇಖನಿ ಎತ್ತಿ ಮಂಟಯ್ಯನ ಹೆಸರು ಬರೆಯಲು ಹೊರಟ. ಮುಯ್ಯಿ ಬರೆಯುವುದು ಮನೆಯ ಯಜಮಾನನ ಹೆಸರಿಗೆ, ಇಲ್ಲವೇ ಅವನ ಗಂಡುಮಕ್ಕಳ ಹೆಸರಿಗೆ. ಇಂದಲ್ಲ ನಾಳೆ ಬೇರೆ ಮನೆ ಸೇರುವ ಹೆಣ್ಣಿನ ಹೆಸರನ್ನು ಆ ಊರಿನಲ್ಲಿ ಯಾರೂ ಬರೆಸಿರಲಿಲ್ಲ.

ಮಂಟಯ್ಯ ಅವನ ಕೈ ಹಿಡಿದ. ಚಪ್ಪರಕ್ಕೆಲ್ಲ ಕೇಳಿಸುವಂತೆ ಹೇಳಿದ.

"ನನ್ನೆಸ್ರು ಬ್ಯಾಡ ಕಣ್ಲಾ. ಸುನಂದಾ ಅಂತ ಬರಿ. ಹುಣಸೂರು ಬ್ಯಾಂಕಲ್ಲಿ ಕೆಲ್ಸ ಮಾಡ್ತಾಳೆ, ಮುಂದಕ್ಕೂ ಮಾಡ್ತಾಳೆ."