ಎಣಿಸದ ಕುಲಾವಿ

ಸಂಘದ ಹೆಂಗಸರು ಹೊಲಿದ ಕುಲಾವಿಗಳ ಲೆಕ್ಕ ಬರೆಯುವ ಕೆಲಸವನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ನಾನೇ ಹಚ್ಚಿಕೊಂಡಿದ್ದೆ. ಆಗ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ, ಬೀಚನಹಳ್ಳಿಯ ಹತ್ತಿರದ ನಮ್ಮೂರಿನಲ್ಲಿ ಮನೆಯಲ್ಲೇ ಇದ್ದೆ. ಯಾವ ಬಸ್ಸು ಎಷ್ಟು ತಡ, ಎಮ್ಮೆ ಯಾವ ಹೊತ್ತು ಎಷ್ಟು ಹಾಲು ಕೊಟ್ಟಿತು, ಎಲ್ಲವನ್ನೂ ತಾರೀಕು ಹಾಕಿ ಬರೆಯುತ್ತಿದ್ದೆ. "ಇವ್ಳು ಆಕಳ್ಸುದ್ರೂ ಬರ್ಕತಾಳೆ ಕಣೆ" ಎಂದು ಸಂಘದವರು ಆಡಿಕೊಳ್ಳುತ್ತಿದ್ದರು. ನನಗೆ ಅದು ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಹೊಲಿಯುವ ಯೋಚನೆ ನನ್ನ ಸೋದರತ್ತೆಯದು. ಅತ್ತೆಯ ಮೊದಲ ಕೂಸು ಆಸ್ಪತ್ರೆಯಲ್ಲಿ ಉಸಿರಿಲ್ಲದೆ ಹುಟ್ಟಿತ್ತು. ಅದನ್ನು ಸುತ್ತಲು ಬಟ್ಟೆ ಇರಲಿಲ್ಲ. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಮಾಡಿಡುವ ಪದ್ಧತಿ ನಮ್ಮಲ್ಲಿಲ್ಲ. ಮಾವ ಹೆಗಲ ಮೇಲಿದ್ದ ಟವೆಲ್ಲಿನಲ್ಲೇ ಸುತ್ತಿ ಬಸ್ಸಿನಲ್ಲಿ ಊರಿಗೆ ತಂದರಂತೆ. ಪಕ್ಕದಲ್ಲಿ ಕೂತಿದ್ದವನು "ಏನಣ್ಣ, ಕುಂಬ್ಳಕಾಯಾ?" ಎಂದು ಕೇಳಿದನಂತೆ. ಅತ್ತೆ ಇದನ್ನು ಸಂಘದಲ್ಲಿ ಒಂದೇ ಸಲ ಹೇಳಿದ್ದು. "ಸತ್ ಕೂಸ್ಗೆ ಒಲ್ಯೋದಾ?" ಎಂದು ಮೊದಲು ಹಿಂದೆ ಸರಿದವರೂ ಆಮೇಲೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗಳನ್ನು ತಂದು ಕೊಟ್ಟರು. ಅತ್ತೆ ಅಳತೆ ನೋಡಿ ಕತ್ತರಿಸುತ್ತಿದ್ದರು. ಉಳಿದವರು ಒಬ್ಬೊಬ್ಬರು ಒಂದೊಂದು ಕುಲಾವಿ, ಒಂದೊಂದು ಸುತ್ತುಬಟ್ಟೆ ಹೊಲಿದು, ಎರಡನ್ನೂ ಜೊತೆ ಮಾಡಿ ಮಡಚುತ್ತಿದ್ದರು. ಅವನ್ನು ನಮ್ಮ ತಾಲ್ಲೂಕು ಊರಾದ ಕೋಟೆಯ ಆಸ್ಪತ್ರೆಗೆ ಮುಟ್ಟಿಸುವವಳು ನಾನು.

೧೯೯೯ರ ಆಗಸ್ಟ್, ಎರಡನೆಯ ಸೋಮವಾರ. ಹದಿನಾಲ್ಕು ಜೊತೆ ಇದ್ದವು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಚೀಲಕ್ಕೆ ಕೈ ಚಾಚಿ, "ಕೊಡಮ್ಮ, ಒಂದು ಈಗಲೇ ಬೇಕು" ಎಂದರು. ನಾನು ಕೊಡಲಿಲ್ಲ. "ಎಣಿಸಿ ಕೊಡ್ತೀನಿ ಸಿಸ್ಟರ್, ಬುಕ್ಕಲ್ಲಿ ಬರ್ಕೋಬೇಕು" ಎಂದು ಮೇಜಿನ ಮೇಲೆ ಒಂದೊಂದಾಗಿ ಇಡುತ್ತ ಗಟ್ಟಿಯಾಗಿ ಎಣಿಸಿದೆ.

"ಲಾಭ, ಎರಡು, ಮೂರು..."

ನಮ್ಮ ಕಡೆ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಕಣದಲ್ಲಿ ಅಪ್ಪನ ಪಕ್ಕ ಕೂತು ಕಲಿತ ಎಣಿಕೆ ಅದು. ನನ್ನ ಬಾಯಿಗೆ ಬೇರೆ ಎಣಿಕೆ ಬರುತ್ತಲೇ ಇರಲಿಲ್ಲ.

ಹದಿನಾಲ್ಕು ಮುಗಿಸಿದ ಮೇಲೆ ಸಿಸ್ಟರ್ ನಾನು ಮೊದಲು ಇಟ್ಟಿದ್ದ ಜೊತೆಯನ್ನು ತೆಗೆದುಕೊಂಡು ಬಾಗಿಲ ಪಕ್ಕದ ಮಂಚಕ್ಕೆ ಹೋದರು. ಆಗ ನೋಡಿದೆ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ಗೋಡೆಗೆ ಒರಗಿ ಒಬ್ಬಳು ಕೂತಿದ್ದಳು. ಗಂಡ ಮಂಚದ ಕಾಲ ಬಳಿ ನಿಂತಿದ್ದ. ತೊಟ್ಟಿಲಲ್ಲಿ ಕೂಸಿನ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆ ಮುಚ್ಚಿತ್ತು. ನನ್ನ ಎಣಿಕೆ ಮುಗಿಯುವವರೆಗೂ ಅವರಿಬ್ಬರೂ ಕಾದಿದ್ದರು.

ಅವಳು ಕೈ ನೀಡಲಿಲ್ಲ. "ಲಾಭ ಅಂದ್ರಲ್ಲ, ಅದ್ನ ನಮ್ಗೆ ಕೊಡ್ತಾವ್ರೆ" ಎಂದಳು, ಗಂಡನ ಮುಖ ನೋಡದೆ.

"ಎಣ್ಸೋವಾಗ ಅಂಗಂತಾರೆ ಕಣೆ. ರಾಗಿ ಅಳ್ಯೋವಾಗ ನೀನೂ ಅನ್ನಲ್ವಾ?"

"ರಾಗಿಗೆ ಅಂತೀನಿ."

ಅವನು ನನ್ನ ಕಡೆ ತಿರುಗಿ, "ನೀನೇನೂ ಅಂದ್ಕಬ್ಯಾಡ ಕಣವ್ವ. ನೋವಲ್ಲವ್ಳೆ" ಎಂದ. ಕೂಸು ಕಳೆದುಕೊಂಡವನು ನನ್ನನ್ನು ಸಮಾಧಾನ ಮಾಡುತ್ತಿದ್ದ.

ಸಿಸ್ಟರ್ ಇನ್ನೊಂದು ಜೊತೆ ತರಲು ಹೊರಟಾಗ ಅವಳು ನನ್ನನ್ನೇ ಕೇಳಿದಳು. "ಎಣಿಸ್ದೆ ಇರೋದು ಒಂದಿದ್ರೆ ಕೊಡವ್ವ. ಬರಿಮೈ ಕೂಸ್ನ ಮಣ್ಣಿಗೆ ಕಳ್ಸಕ್ಕಾಗಕಿಲ್ಲ."

ಎಣಿಸದೆ ಇರುವುದು ನನ್ನ ಬಳಿ ಯಾವುದಿತ್ತು? ಹದಿನಾಲ್ಕನ್ನೂ ಎಣಿಸಿದ್ದೆ. ಮನೆಯಲ್ಲೊಮ್ಮೆ, ಬಸ್ಸಿನಲ್ಲೊಮ್ಮೆ ಎಣಿಸಿದ್ದನ್ನು ಸೇರಿಸಿದರೆ ಮೂರು ಸಲ. ಮೇಜಿನ ಹತ್ತಿರ ಹೋಗಿ, ಅವಳಿಗೆ ಬೆನ್ನು ಮಾಡಿ, ಕೊನೆಯದೊಂದನ್ನು ಖಾಲಿ ಚೀಲದೊಳಕ್ಕೆ ಹಾಕಿದೆ. ಚೀಲವನ್ನು ಮಂಚದ ಬಳಿ ತಂದು, ತಳ ತಡಕಿದ ಹಾಗೆ ಮಾಡಿ ಹೊರಗೆ ತೆಗೆದೆ.

"ಇದೊಂದು ತಳದಲ್ಲೇ ಉಳ್ಕೊಂಡಿತ್ತು ಅಕ್ಕ. ಎಣಿಸಿಲ್ಲ."

ಸಿಸ್ಟರ್ ನನ್ನನ್ನು ನೋಡಿದರು. ಅವಳು ಅದನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದಳು. ಕೂಸಿನ ತಲೆಗೆ ಹಾಕಿ ಕುಲಾವಿಯ ದಾರವನ್ನು ತಾನೇ ಕಟ್ಟಿದಳು. ಎರಡು ಸಲ ಬಿಚ್ಚಿ, ಸಡಿಲ ಮಾಡಿ ಕಟ್ಟಿದಳು, ಗಲ್ಲಕ್ಕೆ ಒತ್ತೀತು ಎನ್ನುವ ಹಾಗೆ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಬಸ್ಸಿನಲ್ಲಿ ಪುಸ್ತಕ ತೆಗೆದು, ಅದೊಂದನ್ನು ಬಿಟ್ಟು ಹದಿಮೂರು ಎಂದು ಬರೆದೆ. ಅವಳಿಗೆ ಹೇಳಿದ್ದು ಸುಳ್ಳಾಗಬಾರದು ಎಂದು ಹಾಗೆ ಮಾಡಿದೆ ಎಂದುಕೊಂಡೆ. ನಿಜ ಅಷ್ಟೇ ಅಲ್ಲ. ಹದಿನಾಲ್ಕು ಎಂದು ಬರೆದರೆ ಪುಟ ತೆರೆದಾಗಲೆಲ್ಲ ಆ ಎಣಿಕೆ ಕೇಳಿಸುತ್ತಿತ್ತು.

ಗುರುವಾರ ಸಂಘದಲ್ಲಿ ಲೆಕ್ಕ ಓದಿದೆ. ಅತ್ತೆ ಕತ್ತರಿ ನಿಲ್ಲಿಸಿದರು. "ಅದ್ನಾಕಲ್ವಾ ಮಗ? ನಾನೇ ಕತ್ತರಿಸಿದ್ದು."

"ಇಲ್ಲ ಅತ್ತೆ, ಹದಿಮೂರೇ."

"ನನ್ ಕೈಲಿ ಅದ್ನಾಕಾದಂಗಿತ್ತಲ್ಲ."

"ಬರ್ಕೊಂಡಿದೀನಲ್ಲ ಅತ್ತೆ, ನೋಡಿ" ಎಂದು ಪುಸ್ತಕ ತೋರಿಸಿದೆ. ಅತ್ತೆಗೆ ಓದಲು ಬರುವುದಿಲ್ಲ. ಆದರೂ ಪುಟದ ಮೇಲೆ ಒಂದು ಗಳಿಗೆ ಕಣ್ಣಾಡಿಸಿದರು. ಪಕ್ಕದವಳು "ವಯಸ್ಸಾಯ್ತು ಕಣಕ್ಕ ನಿಂಗೆ, ಇನ್ ಕತ್ರಿ ನಮ್ ಕೈಗ್ ಕೊಡು" ಎಂದು ನಕ್ಕಳು. ಅತ್ತೆಯೂ ನಕ್ಕರು, ಸ್ವಲ್ಪ ತಡವಾಗಿ.

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಅತ್ತೆ ಬಯ್ಯುತ್ತಿರಲಿಲ್ಲ. ಆ ತಾಯಿ ಕೇಳಿದ್ದು ಏನು ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಅರ್ಥವಾಗುತ್ತಿದ್ದುದು ಅವರಿಗೇ. ಆದರೆ ಹೇಳಬೇಕಾದರೆ ನಾನು ಎಣಿಸಿದ್ದು ಹೇಗೆ ಎಂಬಲ್ಲಿಂದ ಶುರು ಮಾಡಬೇಕಿತ್ತು. ಅದು ನನ್ನಿಂದಾಗಲಿಲ್ಲ.

ಮುಂದಿನ ವಾರ ಅತ್ತೆ ಕತ್ತರಿಸಿದ ತುಂಡುಗಳನ್ನು ನನ್ನ ಮುಂದೆ ತಳ್ಳಿದರು. "ನೀನೇ ಒಂದ್ ಸಲ ನೋಡ್ಬುಡು ಮಗ. ನನ್ ಲೆಕ್ಕ ಈಗೀಗ ನೆಚ್ಚಂಗಿಲ್ಲ."

ನಾನು ನೋಡಿದೆ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಸರಿ ಇದೆ ಎಂದು ಹೇಳಿದೆ. ಅತ್ತೆ ನಂಬಿದಂತೆ ಕಾಣಲಿಲ್ಲ, ತುಂಡುಗಳನ್ನು ಮತ್ತೆ ಹತ್ತಿರ ಎಳೆದುಕೊಂಡು ಒಂದೊಂದನ್ನೇ ಬೆರಳಲ್ಲಿ ಸವರುತ್ತ ಕೂತರು.