ಬಿಲ್ ಬಾರದ ಭಾನುವಾರಗಳು

ಸೂರತ್ತಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ, ನನ್ನ ಮೊದಲ ಕೆಲಸ, ನನ್ನ ಬುದ್ಧಿವಂತಿಕೆಗೆ ಸಿಕ್ಕಿದ್ದು ಎಂದೇ ನಾನು ನಂಬಿದ್ದೆ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಅರ್ಧವಾಗುವ ಮೊದಲೇ ಕಾಲೇಜಿನ ಟ್ರಸ್ಟಿ ಸೇಠರು 'ಬಸ್, ಬಸ್', ಸಾಕು ಎಂದು ನಕ್ಕರು. ನನ್ನ ಉತ್ತರ ಕೇಳಿ ದಂಗಾಗಿಬಿಟ್ಟರು ಎಂದು ಉಡುಪಿಯಲ್ಲಿದ್ದ ಅಪ್ಪನಿಗೆ ಬರೆದೆ. ಅಪ್ಪ ಅದನ್ನು ಊರೆಲ್ಲ ಹೇಳಿಕೊಂಡು ಬಂದರು. ಅದೇ ಕಾಲೇಜಿನಿಂದ ನಿವೃತ್ತನಾಗಿ, ಈಗ ಅಹಮದಾಬಾದಿನ ಮಗಳ ಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಆಗ ನಾನಿದ್ದದ್ದು ಸೂರತ್ತಿನದೇ ಉಧ್ನಾ ಬಡಾವಣೆಯಲ್ಲಿ, ಅಕ್ಕನ ಮನೆಯಲ್ಲಿ. ಕೆಳಗೆ ಭಾವನ ಹೋಟೆಲು, ಮೇಲೆ ಮನೆ. ಭಾನುವಾರ ನಾನು ಕೆಳಗೆ ಇಳಿಯುತ್ತಲೇ ಇರಲಿಲ್ಲ. ನನ್ನ ವಿದ್ಯಾರ್ಥಿಗಳು ಮನೆಯವರೊಂದಿಗೆ ತಿಂಡಿಗೆ ಬರುತ್ತಿದ್ದರು. ಅವರ ಮೇಷ್ಟ್ರು ಹೋಟೆಲಿನವರ ಕಡೆಯವನೆಂದು ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಅಷ್ಟು ಜಂಬ.

ಒಂದು ದಿನ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನ ಮೂಲೆಗೆ ಕರೆದರು. ಅವರ ಹೆಂಡತಿಯ ತಮ್ಮನಿಗೆ ನಮ್ಮಲ್ಲಿ ಕೆಲಸ ಬೇಕಿತ್ತು. "ನಿಮ್ಮ ಭಾವನಿಂದ ಸೇಠರಿಗೆ ಒಂದು ಮಾತು ಹೇಳಿಸಿ" ಎಂದರು.

ಹೋಟೆಲಿನವರ ಮಾತನ್ನು ಸೇಠರು ಯಾಕೆ ಕೇಳುತ್ತಾರೆ ಎಂದೆ.

"ನಿಮ್ಮ ಕೆಲಸ ಆಗಿದ್ದು ಹಾಗೇ ಅಲ್ಲವೇ? ಪ್ರತಿ ಭಾನುವಾರ ಸೇಠರ ಮನೆಮಂದಿಯೆಲ್ಲ ಅಲ್ಲೇ ದೋಸೆ ತಿನ್ನುತ್ತಾರೆ. ಬಿಲ್ ಬರುವುದಿಲ್ಲ. ಎಲ್ಲರಿಗೂ ಗೊತ್ತಿದೆಯಲ್ಲ."

ಕುಹಕವಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪಾಪ, ನನಗೂ ಗೊತ್ತಿದೆ ಎಂದೇ ಅವರು ತಿಳಿದಿದ್ದರು.

ಸಂಜೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೂಗಾಡಿದೆ. ನನ್ನ ಮರ್ಯಾದೆ ತೆಗೆದಿರಿ ಎಂದೆ. ಭಾವ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದರು.

"ಎಂತ ಮಾಡುದು ಮಾರಾಯ? ತಮ್ಮ ಖಾಲಿ ಕೂತಿದ್ದಾನೆ ಅಂತ ನಿನ್ನ ಅಕ್ಕ ದಿನಾ ಕಣ್ಣೀರು ಹಾಕ್ತಿದ್ಲು. ಸೇಠ್ರ ಹತ್ರ ಒಂದು ಮಾತು ಹೇಳಿದೆ. ಬೇಡ ಅಂದ್ರೆ ಬರುವ ವಾರದಿಂದ ಬಿಲ್ ಕೊಡ್ತೇನೆ."

"ಕೊಡಿ" ಎಂದೆ, ಎದೆಯುಬ್ಬಿಸಿ.

ಭಾವ ಹೇಳಿದ ಹಾಗೇ ಕೊಟ್ಟರು. ಸೇಠರು ದುಡ್ಡು ಎಣಿಸಿಟ್ಟು ಹೋದರಂತೆ. ಅದೇ ವಾರ ಪ್ರಿನ್ಸಿಪಾಲರು ನನ್ನನ್ನು ಕರೆಸಿ, ನಿಮ್ಮ ಕೆಲಸ ಖಾಯಂ ಮಾಡುವ ಬಗ್ಗೆ ಸೇಠರು ಇನ್ನೂ ಯೋಚಿಸುತ್ತಿದ್ದಾರೆ ಎಂದರು. ಊರಿನಲ್ಲಿ ನನಗೆ ಹೆಣ್ಣು ನೋಡಿ ಆಗಿತ್ತು. ಕೆಲಸ ಖಾಯಂ ಆಗದೆ ಮದುವೆ ಇಲ್ಲ ಎಂದು ಹೆಣ್ಣಿನ ಕಡೆಯವರು ಖಂಡಿತವಾಗಿ ಹೇಳಿದ್ದರು. ರಾಜೀನಾಮೆ ಬಿಸಾಕುತ್ತೇನೆ ಎಂದು ಅಕ್ಕನ ಮುಂದೆ ಹಾರಾಡಿದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ಶನಿವಾರದ ಹೊತ್ತಿಗೆ ಹಾರಾಟವೆಲ್ಲ ತಾನಾಗಿ ಇಳಿದಿತ್ತು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗಿಳಿದೆ. ಸೇಠರ ಮನೆಯವರು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದರು. ಭಾವ ಬಿಲ್ ಬರೆಯುತ್ತಿದ್ದರು.

"ಭಾವ, ಬಿಲ್ ಬೇಡ."

ಭಾವ ತಲೆಯೆತ್ತಿ ನೋಡಿದರು. ನಗಲಿಲ್ಲ. ನಕ್ಕಿದ್ದರೆ ಸಹಿಸಿಕೊಳ್ಳಬಹುದಿತ್ತು.

"ಹಾಗಾದ್ರೆ ನೀನೇ ಹೋಗಿ ಹೇಳು."

ಹೋದೆ. ಕೈಮುಗಿದು, ನನ್ನ ಹರಕು ಗುಜರಾತಿಯಲ್ಲಿ, "ಇದು ನಮ್ಮದೇ ಹೋಟೆಲು ಸೇಠ್‌ಜಿ, ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದುಂಟೇ" ಎಂದೆ. ಅದನ್ನು ನಮ್ಮ ಹೋಟೆಲು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಸೇಠರು ಸಂದರ್ಶನದ ದಿನ ನಕ್ಕಂತೆಯೇ ನಕ್ಕರು. ಖಾಲಿ ಬಟ್ಟಲನ್ನು ನನ್ನ ಕಡೆ ಸರಿಸಿ, ಸ್ವಲ್ಪ ಚಟ್ನಿ ಎಂದರು.

ತಂದುಕೊಟ್ಟೆ. ಸಾಂಬಾರು ಬೇಕೇ ಎಂದೂ ಕೇಳಿದೆ.